ಓದುಗರ ಪ್ರಶ್ನೆ: ನಡುಗಿದ ವಿಡಿಯೊವನ್ನು ಎಡಿಟಿಂಗ್‌ನಲ್ಲಿ ನಿಲ್ಲಿಸುವುದು ಹೇಗೆ?

ಮದುವೆ, ಜಾತ್ರೆಗಳ ಕಾಲ ಮುಗಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ದೂರು ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಚಿತ್ರೀಕರಿಸುವಾಗ ಕೈ ನಡುಗಿದ್ದು ಮೊಬೈಲಿನ ಪುಟ್ಟ ಪರದೆಯಲ್ಲಿ ತಿಳಿಯಲಿಲ್ಲ, ಮನೆಗೆ ಬಂದು ಟಿವಿಗೆ ಹಾಕಿದಾಗ ನೋಡುವವರಿಗೆ ತಲೆ ಸುತ್ತು ಬರುತ್ತಿದೆ ಎಂಬುದು ಅದರ ಸಾರ. ಈ ಬಾರಿ ಅಂಥ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ತಂಗಿಯ ಮದುವೆಯಲ್ಲಿ ದಿಬ್ಬಣ ಬರುವುದನ್ನು ಕ್ಯಾಮೆರಾ ಕೈಯಲ್ಲಿ ಹಿಡಿದು, ಹಿಂದು ಹಿಂದಕ್ಕೆ ನಡೆಯುತ್ತಾ ಚಿತ್ರೀಕರಿಸಿದ್ದೇನೆ. ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ, ನಡುಕ ನಿಲ್ಲಿಸುವ ವಾರ್ಪ್ ಸ್ಟೆಬಿಲೈಸರ್ ಎಂಬ ಎಫೆಕ್ಟ್ ಹಾಕಿದ ಮೇಲೆ ನಡುಕವೇನೋ ನಿಂತಿತು. ಆದರೆ ಚಿತ್ರ ಹಿಗ್ಗಿ ಪಕ್ಕದಲ್ಲಿದ್ದವರು ಮಾಯವಾಗಿದ್ದಾರೆ, ಮುಖಗಳು ರಬ್ಬರಿನಂತೆ ಎಳೆದಾಡುತ್ತಿವೆ, ಮಂಟಪದ ಕಂಬಗಳು ಬಾಗುತ್ತಿವೆ. ಎಲ್ಲಿ ತಪ್ಪಿದ್ದೇನೆ?
(ಹಾಸನದ ಓದುಗರು)

ಉತ್ತರ: ನೀವು ಹೇಳಿದ ಮೂರು ತೊಂದರೆಗಳಿಗೂ ಮೂಲ ಒಂದೇ ಆಗಿರುವುದರಿಂದ ಮೊದಲು ತಂತ್ರಾಂಶ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಅದು ಒಂದು ಫ್ರೇಮಿನಲ್ಲಿ, ಅಂದರೆ ವಿಡಿಯೊದ ಒಂದು ಬಿಡಿ ಚಿತ್ರದಲ್ಲಿ, ಸುಲಭವಾಗಿ ಗುರುತು ಹಿಡಿಯಬಹುದಾದ ನೂರಾರು ಬಿಂದುಗಳನ್ನು, ಅಂದರೆ ಕಂಬದ ಮೂಲೆ, ತೋರಣದ ಎಲೆಯ ತುದಿ, ಅಂಗಿಯ ಗುಂಡಿ ಇಂಥವುಗಳನ್ನು ಆರಿಸಿಕೊಂಡು, ಮುಂದಿನ ಫ್ರೇಮಿನಲ್ಲಿ ಅವೆಲ್ಲ ಎಲ್ಲಿಗೆ ಹೋದವು ಎಂದು ಹುಡುಕುತ್ತದೆ. ಬಹುಪಾಲು ಬಿಂದುಗಳು ಒಟ್ಟಾಗಿ ಎಡಕ್ಕೆ ಸರಿದಿದ್ದರೆ ಕ್ಯಾಮೆರಾ ಬಲಕ್ಕೆ ತಿರುಗಿತು ಎಂದು ತೀರ್ಮಾನಿಸುತ್ತದೆ. ಹೀಗೆ ಕ್ಯಾಮೆರಾ ಸಾಗಿದ ದಾರಿಯ ನಕ್ಷೆ ಸಿಕ್ಕಿದ ಬಳಿಕ ಆ ದಾರಿಯ ಏರುತಗ್ಗುಗಳನ್ನು ಸಮ ಮಾಡಿ, ಹಳೆಯ ದಾರಿಗೂ ಹೊಸ ದಾರಿಗೂ ಎಷ್ಟು ವ್ಯತ್ಯಾಸವಿದೆಯೋ ಅಷ್ಟು ದೂರ ಪ್ರತಿಯೊಂದು ಫ್ರೇಮನ್ನೂ ಎದುರು ದಿಕ್ಕಿಗೆ ಸರಿಸುತ್ತದೆ. ಸರಿಸಿದ ಕಡೆಯಲ್ಲಿ ಅಂಚು ಖಾಲಿಯಾಗಿ ಕಪ್ಪು ಪಟ್ಟಿ ಕಾಣುತ್ತದೆ. ಆ ಪಟ್ಟಿಯನ್ನು ಮರೆಮಾಡಲು ಚಿತ್ರವನ್ನು ಹಿಗ್ಗಿಸಲೇಬೇಕು. ಕೈ ಎಷ್ಟು ನಡುಗಿತ್ತೋ ಅಷ್ಟನ್ನು ಅಂಚಿನಿಂದ ವಸೂಲು ಮಾಡಲಾಗುತ್ತದೆ ಎಂದರೆ ತಪ್ಪಾಗದು.

ಈ ವಸೂಲಿಯ ಲೆಕ್ಕ ಕಣ್ಣಿಗೆ ಕಾಣುವುದಕ್ಕಿಂತ ದುಬಾರಿ. 1920×1080 ಪಿಕ್ಸೆಲ್‌ಗಳ ಚಿತ್ರವನ್ನು ಶೇಕಡಾ 10ರಷ್ಟು ಹಿಗ್ಗಿಸಿದರೆ ಉಳಿಯುವ ನಿಜವಾದ ಚಿತ್ರ ಸುಮಾರು 1745×982. ಶೇಕಡಾ 25ರಷ್ಟು ಹಿಗ್ಗಿಸಿದರೆ 1536×864. ಉಳಿದದ್ದು ತಂತ್ರಾಂಶ ಹಿಗ್ಗಿಸಿ ತುಂಬಿದ ಪಿಕ್ಸೆಲ್. ಫ್ರೇಮಿನ ಅಂಚಿನಲ್ಲಿ ನಿಂತಿದ್ದ ನಿಮ್ಮ ಬಂಧುಗಳು ಮಾಯವಾದದ್ದು ಹೀಗೆ.

ಆದ್ದರಿಂದ ಮೊದಲು ಕತ್ತರಿ, ಆಮೇಲೆ ಎಫೆಕ್ಟ್. ಮೂರು ನಿಮಿಷದ ಕ್ಲಿಪ್ಪಿಗೆ ಇಡಿಯಾಗಿ ಸ್ಟೆಬಿಲೈಸರ್ ಹಾಕಿದರೆ, ಅದರಲ್ಲಿ ನೀವು ಒಮ್ಮೆ ಕಲ್ಲು ಎಡವಿದ ಕ್ಷಣವಿದ್ದರೂ ಸಾಕು, ಆ ಒಂದು ಎಡವಟ್ಟಿಗೆ ಬೇಕಾದಷ್ಟು ಹಿಗ್ಗನ್ನು ಇಡೀ ಮೂರು ನಿಮಿಷವೂ ಹೊತ್ತುಕೊಳ್ಳಬೇಕಾಗುತ್ತದೆ. ಕ್ಲಿಪ್ಪನ್ನು ಐದರಿಂದ ಹದಿನೈದು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಎಡವಿದ ಭಾಗವನ್ನು ತೆಗೆದುಹಾಕಿ ಇಲ್ಲವೇ ಅದರ ಮೇಲೆ ಬೇರೊಂದು ದೃಶ್ಯವನ್ನು ಹೊದಿಸಿ, ಉಳಿದ ತುಣುಕುಗಳಿಗೆ ಪ್ರತ್ಯೇಕವಾಗಿ ಎಫೆಕ್ಟ್ ಹಾಕಿದರೆ ಒಂದೊಂದು ತುಣುಕೂ ತನಗೆ ಬೇಕಾದಷ್ಟೇ ಹಿಗ್ಗುತ್ತದೆ. ಆಟೊ ಸ್ಕೇಲ್ ಎಂಬ ವಿಭಾಗದಲ್ಲಿ ಚಿತ್ರ ಎಷ್ಟು ಹಿಗ್ಗಿದೆ ಎಂಬ ಅಂಕಿಯನ್ನು ಪ್ರೀಮಿಯರ್ ತಾನಾಗಿಯೇ ತೋರಿಸುತ್ತದೆ. 100 ಎಂದರೆ ಹಿಗ್ಗೇ ಇಲ್ಲ ಎಂದರ್ಥ. ನಾನು ಅದನ್ನು 108ರ ಒಳಗೆ ಇರಿಸಿಕೊಳ್ಳಲು ಯತ್ನಿಸುತ್ತೇನೆ, 115 ದಾಟಿದರೆ ಆ ದೃಶ್ಯ ನಿಜಕ್ಕೂ ಬೇಕೇ ಎಂದು ಯೋಚಿಸುತ್ತೇನೆ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ನನ್ನ ಕಣ್ಣಿನ ಮಿತಿ.

ಇನ್ನು ರಬ್ಬರಿನ ಮುಖಗಳ ವಿಷಯ. ವಾರ್ಪ್ ಸ್ಟೆಬಿಲೈಸರ್ ತಾನಾಗಿ ಆರಿಸಿಕೊಳ್ಳುವ ವಿಧಾನದ ಹೆಸರು ಸಬ್‌ಸ್ಪೇಸ್ ವಾರ್ಪ್. ಫೆಂಗ್ ಲಿಯು, ಮೈಕೆಲ್ ಗ್ಲೈಶರ್ ಮತ್ತು ಪ್ರೀಮಿಯರ್ ತಯಾರಿಸುವ ಅಡೋಬಿ ಕಂಪನಿಯ ಸಂಶೋಧಕರು 2011ರಲ್ಲಿ ಸಬ್‌ಸ್ಪೇಸ್ ವಿಡಿಯೊ ಸ್ಟೆಬಿಲೈಸೇಷನ್ ಎಂಬ ವಿಧಾನವನ್ನು ಪ್ರಕಟಿಸಿದ್ದರು. ಇಡೀ ಫ್ರೇಮನ್ನು ಒಂದು ಗಟ್ಟಿ ಹಲಗೆಯಂತೆ ಸರಿಸದೆ, ಅದರ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಎಳೆದು ಕೂರಿಸುವುದು ಇದರ ಕ್ರಮ. ನಡೆಯುತ್ತಾ ತೆಗೆದ ದೃಶ್ಯದಲ್ಲಿ ಹತ್ತಿರದ ವಸ್ತು ಹೆಚ್ಚು, ದೂರದ ವಸ್ತು ಕಡಿಮೆ ಸರಿಯುತ್ತದೆಯಾದ್ದರಿಂದ ಈ ಜಾಣತನ ಅಗತ್ಯವೂ ಹೌದು. ಆದರೆ ಫ್ರೇಮಿನ ತುಂಬ ನಡೆದಾಡುವ ಜನರಿದ್ದಾಗ ಕ್ಯಾಮೆರಾದ ಚಲನೆ ಯಾವುದು, ಜನರ ಚಲನೆ ಯಾವುದು ಎಂಬ ಗೊಂದಲಕ್ಕೆ ಬಿದ್ದು ಅದು ಮುಖವನ್ನೂ ಕಂಬವನ್ನೂ ಒಂದೇ ಬಟ್ಟೆಯ ನೆರಿಗೆಯಂತೆ ಎಳೆಯುತ್ತದೆ. ಮೆಥಡ್ ಎಂಬಲ್ಲಿ ಪೊಸಿಷನ್, ಸ್ಕೇಲ್, ರೊಟೇಷನ್ ಎಂಬ ಆಯ್ಕೆಗೆ ಬದಲಿಸಿಕೊಳ್ಳಿ. ಆಗ ಫ್ರೇಮು ಹಲಗೆಯಂತೆಯೇ ಸರಿಯುತ್ತದೆ, ತಿರುಗುತ್ತದೆ, ಬಾಗುವುದಿಲ್ಲ. ದಾರಿಯನ್ನು ಎಷ್ಟು ಸಮ ಮಾಡಬೇಕೆಂದು ಹೇಳುವ ಸ್ಮೂತ್‌ನೆಸ್ ಮೊದಲಿಗೆ ಶೇಕಡಾ 50ಕ್ಕೆ ನಿಂತಿರುತ್ತದೆ. ಕೈಯಲ್ಲಿ ಹಿಡಿದು ನಡೆದ ದೃಶ್ಯಕ್ಕೆ 5ರಿಂದ 15ರವರೆಗೆ ಇಟ್ಟು ನೋಡಿದರೆ ಕುಲುಕಾಟ ಹೋಗಿ ನಡಿಗೆಯ ಲಯ ಉಳಿಯುತ್ತದೆ. ಆ ಲಯ ಉಳಿಯುವುದೇ ಒಳ್ಳೆಯದು. ದಿಬ್ಬಣದ ಜೊತೆ ಯಾರೋ ನಡೆದರು ಎಂದು ನೋಡುವವರಿಗೆ ಅನ್ನಿಸಬೇಕಲ್ಲವೇ?

ಇನ್ನೆರಡು ಸಣ್ಣ ಮಾತು. ಕ್ಲಿಪ್ಪಿನ ವೇಗವನ್ನು ಬದಲಿಸಿದ್ದರೆ, ಅಥವಾ ಕ್ಲಿಪ್ಪಿನ ಅಳತೆಯೂ ಸೀಕ್ವೆನ್ಸಿನ (ಕ್ಲಿಪ್ಪುಗಳನ್ನು ಜೋಡಿಸುವ ಟೈಮ್‌ಲೈನಿನ) ಅಳತೆಯೂ ಬೇರೆಯಾಗಿದ್ದರೆ ಈ ಎಫೆಕ್ಟ್ ಮುಷ್ಕರ ಹೂಡುತ್ತದೆ. ಆ ಕ್ಲಿಪ್ಪನ್ನು ನೆಸ್ಟ್ ಮಾಡಿ, ಅಂದರೆ ಇನ್ನೊಂದು ಸೀಕ್ವೆನ್ಸಿನೊಳಗೆ ಸೇರಿಸಿ, ನೆಸ್ಟಿನ ಮೇಲೆ ಹಾಕಿದರೆ ಒಪ್ಪಿಕೊಳ್ಳುತ್ತದೆ. ಹಾಗೆಯೇ, ಚಿತ್ರ ನಿಂತ ಮೇಲೆ ನಿಮ್ಮ ಹೆಜ್ಜೆಯ ದಪದಪ ಸದ್ದು ಮೊದಲಿಗಿಂತ ಹೆಚ್ಚು ಎದ್ದು ಕೇಳುತ್ತದೆ. ಕಣ್ಣಿಗೆ ತೇಲುವ ಕ್ಯಾಮೆರಾ, ಕಿವಿಗೆ ಓಡುವ ಮನುಷ್ಯ ಆದರೆ ಹೊಂದುವುದಿಲ್ಲ. ಆ ಜಾಗದಲ್ಲಿ ಕ್ಯಾಮೆರಾದ ಧ್ವನಿಯನ್ನು ತಗ್ಗಿಸಿ ನಾದಸ್ವರದ ಧ್ವನಿಯನ್ನು ಬೇರೆ ಕ್ಲಿಪ್ಪಿನಿಂದ ತಂದು ಹೊದಿಸಿ.

ಪ್ರಶ್ನೆ: ಕಂಬಳದಲ್ಲಿ ಕೋಣಗಳು ಓಡುವುದನ್ನು ಕ್ಯಾಮೆರಾ ತಿರುಗಿಸುತ್ತಾ ಹಿಂಬಾಲಿಸಿದ್ದೇನೆ. ನಾನು ಬೇಕೆಂದೇ ತಿರುಗಿಸಿದ್ದು ಯಾವುದು, ಕೈ ನಡುಗಿದ್ದು ಯಾವುದು ಎಂದು ತಂತ್ರಾಂಶಕ್ಕೆ ಹೇಗೆ ಗೊತ್ತಾಗುತ್ತದೆ?
(ಮೂಡುಬಿದಿರೆಯ ಓದುಗರು)

ಉತ್ತರ: ಅದಕ್ಕೆ ನಿಮ್ಮ ಮನಸ್ಸು ಗೊತ್ತಾಗುವುದಿಲ್ಲ, ವೇಗವಷ್ಟೇ ಗೊತ್ತಾಗುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಬಾರಿ ಅತ್ತಿತ್ತ ಹೋಗುವ ಚಲನೆಯನ್ನು ನಡುಕವೆಂದೂ, ಸೆಕೆಂಡುಗಟ್ಟಲೆ ಒಂದೇ ಕಡೆಗೆ ಸಾಗುವುದನ್ನು ಉದ್ದೇಶವೆಂದೂ ಅದು ಊಹಿಸುತ್ತದೆ. 2011ರಲ್ಲಿ ಗೂಗಲ್ ಮತ್ತು ಜಾರ್ಜಿಯಾ ಟೆಕ್‌ನ ಸಂಶೋಧಕರಾದ ಗ್ರುಂಡ್‌ಮನ್, ಕ್ವಾತ್ರಾ ಮತ್ತು ಎಸ್ಸಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕ್ಯಾಮೆರಾದ ದಾರಿಯನ್ನು ಮೂರೇ ಬಗೆಯ ತುಂಡುಗಳಿಂದ ಮತ್ತೆ ಕಟ್ಟುವ ವಿಧಾನವನ್ನು ಮಂಡಿಸಿದರು: ಅಲುಗದೆ ನಿಂತ ತುಂಡು, ಸಮವೇಗದಲ್ಲಿ ಸಾಗುವ ತುಂಡು, ಇವೆರಡರ ನಡುವೆ ಮೆಲ್ಲನೆ ವೇಗ ಏರುವ ಅಥವಾ ಇಳಿಯುವ ತುಂಡು. ಸಿನಿಮಾದ ಕ್ಯಾಮೆರಾಮನ್ನರು ಟ್ರೈಪಾಡ್ ಮತ್ತು ಹಳಿಗಳ ಮೇಲೆ ಮಾಡುವುದೂ ಇದನ್ನೇ.

ನಿಮ್ಮ ವಿಷಯದಲ್ಲಿ ಸಮಸ್ಯೆ ಬರುವುದು ಓಟ ಶುರುವಾಗುವ ಕ್ಷಣದಲ್ಲಿ. ಮುಂದೆ ಏನಾಗಲಿದೆ ಎಂದು ಮೊದಲೇ ನೋಡಿಕೊಂಡಿರುವ ತಂತ್ರಾಂಶ, ಕೋಣಗಳು ಹೊರಡುವ ಮೊದಲೇ ಕ್ಯಾಮೆರಾವನ್ನು ತಿರುಗಿಸಲು ತೊಡಗುತ್ತದೆ. ಓಟ ಮುಗಿದ ಮೇಲೂ ಸ್ವಲ್ಪ ಜಾರುತ್ತದೆ. ನಿಂತಿರುವ ಭಾಗ, ಓಡುವ ಭಾಗ, ಮತ್ತೆ ನಿಂತ ಭಾಗ ಎಂದು ಕ್ಲಿಪ್ಪನ್ನು ಮೂರು ಮಾಡಿ ನಡುವಿನದಕ್ಕೆ ಅತಿ ಕಡಿಮೆ ಸ್ಮೂತ್‌ನೆಸ್ ಕೊಡಿ. ನೋ ಮೋಷನ್ ಎಂಬ ಆಯ್ಕೆಯನ್ನು ಓಡುವ ಭಾಗಕ್ಕೆ ಎಂದಿಗೂ ಕೊಡಬೇಡಿ. ಅದು ಟ್ರೈಪಾಡಿನ ಮೇಲಿಟ್ಟಂತೆ ಕಾಣಿಸಲು ಇರುವ ಆಯ್ಕೆಯಾಗಿದ್ದು, ತಿರುಗಿದ ಕ್ಯಾಮೆರಾವನ್ನು ನಿಂತಂತೆ ತೋರಿಸಲು ಹೋಗಿ ಅರ್ಧ ಫ್ರೇಮನ್ನೇ ನುಂಗಿಬಿಡುತ್ತದೆ.

ಪ್ರಶ್ನೆ: ನಮ್ಮೂರಿನ ಬಯಲಾಟವನ್ನು ರಾತ್ರಿ ಪೂರ್ತಿ ಮೊಬೈಲಿನಲ್ಲಿ ಹಿಡಿದಿದ್ದೇನೆ. ಸ್ಟೆಬಿಲೈಸ್ ಮಾಡಿದರೆ ವೇಷಧಾರಿ ನಿಂತಲ್ಲೇ ನಿಂತಂತೆ, ಹಿಂದಿನ ಭಾಗವತರೂ ಚೆಂಡೆಯೂ ತೊಟ್ಟಿಲಿನಲ್ಲಿ ತೂಗಿದಂತೆ ಕಾಣುತ್ತದೆ!
(ಕುಂದಾಪುರದ ಓದುಗರು)

ಉತ್ತರ: ನಿಮ್ಮ ಪತ್ರ ಓದಿ ನಕ್ಕೆ, ಏಕೆಂದರೆ ನಾನೂ ಇದೇ ಹಳ್ಳಕ್ಕೆ ಬಿದ್ದವನು. ಬಹುಪಾಲು ಬಿಂದುಗಳು ಎತ್ತ ಸರಿದವೋ ಅದೇ ಕ್ಯಾಮೆರಾದ ಚಲನೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಯಕ್ಷಗಾನದ ವೇಷವೋ ಬಿಂದುಗಳ ಗಣಿ. ಕಿರೀಟದ ಬೇಗಡೆ, ಭುಜಕೀರ್ತಿ, ಎದೆಯ ಪದಕ, ಕಸೆಸೀರೆಯ ಚೌಕುಳಿ, ಇವೆಲ್ಲ ತಂತ್ರಾಂಶಕ್ಕೆ ಹಬ್ಬದೂಟ. ಹಿಂದಿನ ಪರದೆಯೋ ಕತ್ತಲಲ್ಲಿ ಮಂಕಾಗಿರುತ್ತದೆ. ಹೀಗಾಗಿ ವೇಷಧಾರಿಯೇ ಬಹುಮತ ಪಡೆದು, ಅವನು ಕುಣಿದದ್ದನ್ನು ಕ್ಯಾಮೆರಾ ಕುಣಿಯಿತು ಎಂದು ತಿಳಿದುಕೊಂಡ ತಂತ್ರಾಂಶ ರಂಗಸ್ಥಳವನ್ನೇ ಕುಣಿಸುತ್ತದೆ.

ಇದಕ್ಕೆ ಪರಿಹಾರ ಬಿಂದುಗಳ ಆಯ್ಕೆಯನ್ನು ನಿಮ್ಮ ಕೈಗೆ ತೆಗೆದುಕೊಳ್ಳುವುದು. ಅಡೋಬಿಯದೇ ಆಫ್ಟರ್ ಎಫೆಕ್ಟ್ಸ್ ಎಂಬ ತಂತ್ರಾಂಶ ಇದ್ದರೆ ವಾರ್ಪ್ ಸ್ಟೆಬಿಲೈಸರ್‌ನಲ್ಲಿ ಟ್ರ್ಯಾಕ್ ಪಾಯಿಂಟುಗಳನ್ನು ಕಾಣುವಂತೆ ಮಾಡಿ, ವೇಷದ ಮೇಲಿರುವ ಬಿಂದುಗಳನ್ನು ಸುತ್ತುವರಿದು ಅಳಿಸಿಬಿಡಬಹುದು. ಹಣ ಕೊಡದೆ ಮಾಡಬೇಕೆಂದರೆ ಬ್ಲೆಂಡರ್ ಇದೆ. ಅದು ಮೂರು ಆಯಾಮದ ಚಿತ್ರಗಳಿಗೆ ಹೆಸರಾಗಿದ್ದರೂ ಅದರೊಳಗಿನ ಮೂವಿ ಕ್ಲಿಪ್ ಎಡಿಟರ್‌ನಲ್ಲಿ ನಾವೇ ಗುರುತು ಹಾಕಿ ಹಿಂಬಾಲಿಸುವ ಸೌಲಭ್ಯವಿದೆ. ರಂಗಸ್ಥಳದ ಎರಡು ಕಂಬಗಳ ಮೇಲೆ, ಬಲ್ಬಿನ ಹೋಲ್ಡರಿನ ಮೇಲೆ, ಹೀಗೆ ಅಲುಗದ ವಸ್ತುಗಳ ಮೇಲೆ ಗುರುತು ಹಾಕಿ ಟ್ರ್ಯಾಕ್ ಮಾಡಿ, ಅವುಗಳನ್ನು ಸ್ಟೆಬಿಲೈಸೇಷನ್ ಪಟ್ಟಿಗೆ ಸೇರಿಸಿ. ಒಂದೇ ಗುರುತಿನಿಂದ ಎಡಬಲ, ಮೇಲೆ ಕೆಳಗೆ ಸರಿಯುವುದು ನಿಲ್ಲುತ್ತದೆ. ವಾಲುವುದು ನಿಲ್ಲಬೇಕಾದರೆ ದೂರ ದೂರದಲ್ಲಿರುವ ಎರಡು ಗುರುತು ಬೇಕೇ ಬೇಕು. ವೇಷಧಾರಿ ಕಂಬದ ಮುಂದೆ ಹಾದಾಗ ಗುರುತು ತಪ್ಪುತ್ತದೆ, ಆಗ ಮತ್ತೆ ಕೈಯಿಂದ ಕೂರಿಸಬೇಕಾಗುತ್ತದೆ. ಒಂದು ಪದ್ಯಕ್ಕೆ ಒಂದು ಗಂಟೆ ಹಿಡಿಯಬಹುದು. ಆದ್ದರಿಂದ ಇಡೀ ರಾತ್ರಿಯ ಆಟಕ್ಕೆ ಈ ಸಾಹಸ ಮಾಡದೆ ಆರಿಸಿದ ಎರಡು ಮೂರು ಪದ್ಯಗಳಿಗೆ ಮಾಡಿ. ಉಳಿದ ಆಟವನ್ನು ಹಾಗೆಯೇ ಬಿಟ್ಟರೆ ಯಕ್ಷಗಾನ ಪ್ರೇಮಿಗಳು ಬೇಸರಿಸುವುದಿಲ್ಲ, ಅವರು ಹೆಚ್ಚಾಗಿ ಕೇಳುವವರು.

ಕತ್ತಲಿನ ದೃಶ್ಯದಲ್ಲಿ ಕಾಳು ಕಾಳಾಗಿ ಕಾಣುವ ನಾಯ್ಸ್ ಸಹ ಬಿಂದುಗಳ ಹುಡುಕಾಟವನ್ನು ಕೆಡಿಸುತ್ತದೆ. ನಾಯ್ಸ್ ತೆಗೆಯುವ ಎಫೆಕ್ಟ್ ಇದ್ದರೆ ಅದನ್ನು ಹಾಕಿ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯನ್ನು ಸ್ಟೆಬಿಲೈಸ್ ಮಾಡುವುದು ಒಳಿತು.

ಪ್ರಶ್ನೆ: ಜೋಗದ ಜಲಪಾತವನ್ನು ಎದುರಿನ ದಂಡೆಯಿಂದ ಪೂರ್ತಿ ಜೂಮ್ ಮಾಡಿ ತೆಗೆದ ದೃಶ್ಯ ಸ್ಟೆಬಿಲೈಸ್ ಮಾಡಿದ ಮೇಲೆ ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ತೇಲುತ್ತಿದೆ.
(ಸಾಗರದ ಓದುಗರು)

ಉತ್ತರ: ಮೇಲಿನ ಉತ್ತರದ ವೇಷಧಾರಿಯ ಜಾಗದಲ್ಲಿ ನೀರನ್ನು ಇಟ್ಟು ಓದಿಕೊಳ್ಳಿ. 253 ಮೀಟರ್ ಬೀಳುವ ನೀರಿನ ನೊರೆ, ತುಂತುರು ಎಲ್ಲವೂ ಕೆಳಗೇ ಸಾಗುವ ಬಿಂದುಗಳು. ತಂತ್ರಾಂಶ ಅವುಗಳ ಬೆನ್ನು ಹತ್ತಿ ಫ್ರೇಮನ್ನು ಮೇಲೆ ಕೆಳಗೆ ಎಳೆಯುತ್ತದೆ. ರಾಜಾ ಮತ್ತು ರೋರರ್ ಧಾರೆಗಳ ನಡುವಿನ ಬಂಡೆಯ ಮೇಲೆ ಗುರುತು ಹಾಕಿ ಟ್ರ್ಯಾಕ್ ಮಾಡಿದರೆ ಸರಿಹೋಗುತ್ತದೆ. ಮಂಜು ಮುಸುಕಿ ಬಂಡೆಯೇ ಕಾಣದಾದ ಭಾಗಕ್ಕೆ ಯಾವ ತಂತ್ರಾಂಶವೂ ಏನೂ ಮಾಡಲಾರದು.

ಪ್ರಶ್ನೆ: ಸ್ಟೆಬಿಲೈಸ್ ಮಾಡಿದ ನಂತರ ಚಿತ್ರ ಅಲುಗುತ್ತಿಲ್ಲ, ಆದರೆ ಆಗಾಗ ಒಂದೆರಡು ಫ್ರೇಮ್ ಮಸುಕಾಗಿ ಮತ್ತೆ ಸ್ಪಷ್ಟವಾಗುತ್ತದೆ. ಫೋಕಸ್ ಹೋಗಿದೆಯೇ?
(ಮೈಸೂರಿನ ಓದುಗರು)

ಉತ್ತರ: ಫೋಕಸ್ ಸರಿಯಾಗಿಯೇ ಇದೆ. ನಿಮಗೆ ಕಾಣುತ್ತಿರುವುದು ನಡುಕವು ಹಿಂದೆ ಬಿಟ್ಟುಹೋದ ಮಸುಕು. ಸೆಕೆಂಡಿಗೆ 25 ಫ್ರೇಮ್‌ಗಳಲ್ಲಿ, 1/50 ಶಟರಿನಲ್ಲಿ ತೆಗೆದಿದ್ದೀರಿ ಎಂದುಕೊಳ್ಳೋಣ. ಆಗ ಪ್ರತಿ ಫ್ರೇಮಿಗೆ ಶಟರ್ ತೆರೆದಿರುವುದು 20 ಮಿಲಿಸೆಕೆಂಡ್. ಆ ಕ್ಷಣದಲ್ಲಿ ಕೈ ಸೆಕೆಂಡಿಗೆ 500 ಪಿಕ್ಸೆಲ್ ವೇಗದಲ್ಲಿ ಅಲುಗಿದ್ದರೆ ಅಂಚುಗಳೆಲ್ಲ 10 ಪಿಕ್ಸೆಲ್ ಅಗಲಕ್ಕೆ ಹರಡಿರುತ್ತವೆ. ಅಲುಗುವ ಚಿತ್ರದಲ್ಲಿ ಈ ಮಸುಕು ಸಹಜವೆನ್ನಿಸುತ್ತದೆ, ಚಲನೆಯ ಜೊತೆ ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ. ತಂತ್ರಾಂಶ ಫ್ರೇಮನ್ನು ಅದರ ಸ್ಥಾನಕ್ಕೆ ಎಳೆದು ಕೂರಿಸುತ್ತದೆ, ಆದರೆ ಶಟರ್ ತೆರೆದಿದ್ದಾಗ ಹರಡಿದ ಬಣ್ಣವನ್ನು ಮತ್ತೆ ಒಗ್ಗೂಡಿಸಲಾರದು. ಚಲನೆ ಹೋಗಿ ಮಸುಕು ಮಾತ್ರ ಉಳಿದಾಗ ಫೋಕಸ್ ತಪ್ಪಿದಂತೆ ಕಾಣುತ್ತದೆ.

ಮುಂದಿನ ಬಾರಿ ಕೈಯಲ್ಲೇ ಹಿಡಿದು ತೆಗೆಯಬೇಕಾಗಿದ್ದು, ಆಮೇಲೆ ಸ್ಟೆಬಿಲೈಸ್ ಮಾಡುವುದು ಖಚಿತವಾಗಿದ್ದರೆ, ಹಗಲಿನ ಬೆಳಕಿನಲ್ಲಿ ಶಟರನ್ನು 1/200ಕ್ಕೆ ಏರಿಸಿ. ಅದೇ ಲೆಕ್ಕದಲ್ಲಿ ಮಸುಕು ಎರಡೂವರೆ ಪಿಕ್ಸೆಲ್‌ಗೆ ಇಳಿಯುತ್ತದೆ. ಫ್ರೇಮಿನ ವೇಗದ ಎರಡರಷ್ಟು ಶಟರ್ ಇರಬೇಕೆಂಬ ಸಿನಿಮಾದವರ ರೂಢಿಯನ್ನು ಇಲ್ಲಿ ಮುರಿದರೆ ಯಾರೂ ದಂಡ ಹಾಕುವುದಿಲ್ಲ. ಒಳಾಂಗಣದಲ್ಲಿ ಮಾತ್ರ ಎಚ್ಚರವಿರಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆಗಿರುವುದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. 1/50 ಅಥವಾ 1/100 ಬಿಟ್ಟು ಬೇರೆ ಶಟರ್ ಇಟ್ಟರೆ ಚಿತ್ರದ ಮೇಲೆ ಪಟ್ಟಿಗಳು ಓಡಾಡುವುದುಂಟು.

ಪ್ರಶ್ನೆ: ನನ್ನ ಬಳಿ ಇರುವುದು ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್ ಇದೆ. ತಿಂಗಳು ತಿಂಗಳು ಬಾಡಿಗೆ ಕಟ್ಟುವ ತಂತ್ರಾಂಶ ವಿದ್ಯಾರ್ಥಿಯಾದ ನನ್ನ ಕೈಗೆ ಎಟುಕದು. ಉಚಿತವಾಗಿ ಏನಿದೆ?
(ರಾಯಚೂರಿನ ಓದುಗರು)

ಉತ್ತರ: ಸಾಕಷ್ಟಿದೆ. ಜಾರ್ಜ್ ಮಾರ್ಟಿಯುಸ್ ಬರೆದ ವಿಡ್‌ಸ್ಟ್ಯಾಬ್ ಎಂಬ ಮುಕ್ತ ತಂತ್ರಾಂಶದ ಕೋಶವೊಂದಿದ್ದು, ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎಂಬ ಉಚಿತ ಎಡಿಟರ್‌ಗಳು ಅದನ್ನೇ ಒಳಗಿರಿಸಿಕೊಂಡಿವೆ. ಆದೇಶಗಳನ್ನು ಟೈಪ್ ಮಾಡಿ ವಿಡಿಯೊ ಸಂಸ್ಕರಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಬಳಸಲು ಬಲ್ಲವರು ಎಡಿಟರಿನ ಹಂಗಿಲ್ಲದೆ ನೇರವಾಗಿ ಅದರಲ್ಲೇ ಓಡಿಸಬಹುದು. ಕೆಲಸ ಎರಡು ಸುತ್ತಿನದು. ಮೊದಲ ಸುತ್ತಿನಲ್ಲಿ ವಿಡ್‌ಸ್ಟ್ಯಾಬ್‌ಡಿಟೆಕ್ಟ್ ಚಲನೆಯನ್ನು ಅಳೆದು ಒಂದು ಫೈಲಿನಲ್ಲಿ ಬರೆದಿಡುತ್ತದೆ, ಎರಡನೆಯ ಸುತ್ತಿನಲ್ಲಿ ವಿಡ್‌ಸ್ಟ್ಯಾಬ್‌ಟ್ರಾನ್ಸ್‌ಫಾರ್ಮ್ ಆ ಫೈಲನ್ನು ಓದಿ ಫ್ರೇಮ್‌ಗಳನ್ನು ಸರಿಸುತ್ತದೆ. ಹಳೆಯ ಯಂತ್ರಕ್ಕೆ ಇದು ಅನುಕೂಲ. ನಿಧಾನವಾದ ಮೊದಲ ಸುತ್ತನ್ನು ರಾತ್ರಿ ಒಮ್ಮೆ ಓಡಿಸಿಟ್ಟರೆ, ಬೆಳಗ್ಗೆ ಎರಡನೆಯ ಸುತ್ತನ್ನು ಬೇರೆ ಬೇರೆ ಅಳತೆಗಳೊಂದಿಗೆ ಎಷ್ಟು ಸಲ ಬೇಕಾದರೂ ಪ್ರಯೋಗಿಸಿ ನೋಡಬಹುದು.

ಗಮನಿಸಬೇಕಾದ ಅಳತೆಗಳು ಎರಡೇ. ನಡುಕ ಎಷ್ಟು ಜೋರಾಗಿದೆ ಎಂದು ತಿಳಿಸುವ ಶೇಕಿನೆಸ್ 1ರಿಂದ 10ರವರೆಗೆ ಇದ್ದು, ಏನೂ ಹೇಳದಿದ್ದರೆ 5 ಎಂದಿರುತ್ತದೆ. ಬಸ್ಸಿನಲ್ಲಿ ತೆಗೆದದ್ದಾದರೆ 8 ಇಡಿ. ಸ್ಮೂದಿಂಗ್ 10 ಎಂದಿದ್ದರೆ ಹಿಂದಿನ 10, ಮುಂದಿನ 10 ಮತ್ತು ಆ ಫ್ರೇಮು ಸೇರಿ 21 ಫ್ರೇಮ್‌ಗಳ ಸರಾಸರಿಯಲ್ಲಿ ದಾರಿಯನ್ನು ಸಮ ಮಾಡುತ್ತದೆ. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ಅದು ಒಂದು ಸೆಕೆಂಡಿಗೂ ಕಡಿಮೆ. ನಡಿಗೆಯ ಏರಿಳಿತ ಹೋಗಬೇಕಾದರೆ 30ಕ್ಕೆ ಏರಿಸಿ, ಆಗ 61 ಫ್ರೇಮ್‌ಗಳು, ಅಂದರೆ ಸುಮಾರು ಎರಡೂವರೆ ಸೆಕೆಂಡು ಲೆಕ್ಕಕ್ಕೆ ಬರುತ್ತವೆ. ಸರಿಸುವಾಗ ಚಿತ್ರ ಸ್ವಲ್ಪ ಮೆತ್ತಗಾಗುವುದರಿಂದ ಕೊನೆಯಲ್ಲಿ ಅಂಚುಗಳನ್ನು ಚುರುಕಾಗಿಸುವ ಅನ್‌ಶಾರ್ಪ್ ಫಿಲ್ಟರನ್ನು ಹಗುರವಾಗಿ ಸೇರಿಸಿಕೊಳ್ಳಿ.

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಒಳ್ಳೆಯ ಸ್ಟೆಬಿಲೈಸರ್ ಇದೆ ಎಂದು ಗೆಳೆಯರು ಹೇಳಿಯಾರು. ಹೌದು, ಇದೆ. ಅಲ್ಲಿ ಪರ್ಸ್‌ಪೆಕ್ಟಿವ್, ಸಿಮಿಲಾರಿಟಿ, ಟ್ರಾನ್ಸ್‌ಲೇಷನ್ ಎಂಬ ಮೂರು ವಿಧಾನಗಳಿದ್ದು ನಾನು ಯಾವಾಗಲೂ ನಡುವಿನದರಿಂದ ಆರಂಭಿಸುತ್ತೇನೆ. ಕ್ರಾಪಿಂಗ್ ರೇಷಿಯೊ ಎಂಬ ಅಂಕಿ 1 ಆದರೆ ಏನೂ ಆಗುವುದಿಲ್ಲ, ಕಡಿಮೆಯಾದಷ್ಟೂ ಬಿಗಿ ಹೆಚ್ಚು ಎಂಬುದು ಹೊಸಬರಿಗೆ ತಿರುಗುಮುರುಗು ಅನ್ನಿಸುತ್ತದೆ. ಆದರೆ ರಿಸಾಲ್ವ್‌ಗೆ ಬಲವಾದ ಗ್ರಾಫಿಕ್ಸ್ ಕಾರ್ಡ್ ಬೇಕು. ಮೇಲಾಗಿ ಲಿನಕ್ಸಿನ ಉಚಿತ ಆವೃತ್ತಿಯು ಮೊಬೈಲುಗಳು ಕೊಡುವ ಎಚ್.264 ವಿಡಿಯೊವನ್ನು ನೇರವಾಗಿ ತೆರೆಯುವುದಿಲ್ಲ. ನಿಮಗೆ ಕೆಡೆನ್‌ಲೈವ್ ಸಾಕು.

ಪ್ರಶ್ನೆ: ಬೈಕಿನ ಹ್ಯಾಂಡಲ್‌ಗೆ ಆ್ಯಕ್ಷನ್ ಕ್ಯಾಮೆರಾ ಕಟ್ಟಿಕೊಂಡು ಚಾರ್ಮಾಡಿ ಘಾಟಿ ಇಳಿದೆ. ಸ್ಟೆಬಿಲೈಸ್ ಮಾಡಿದರೂ ಇಡೀ ಚಿತ್ರ ಹಾಲುಬಾಯಿಯಂತೆ ಅಲುಗಾಡುತ್ತದೆ.
(ಚಿಕ್ಕಮಗಳೂರಿನ ಓದುಗರು)

ಉತ್ತರ: ಹಾಲುಬಾಯಿ ಎಂಬ ಹೋಲಿಕೆ ಸೊಗಸಾಗಿದೆ, ಇಂಗ್ಲಿಷಿನವರು ಇದನ್ನು ಜೆಲ್ಲಿಗೆ ಹೋಲಿಸುತ್ತಾರೆ. ನಿಮ್ಮ ಕ್ಯಾಮೆರಾದ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯದೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತದೆ. ಇಂಜಿನ್ನಿನ ಕಂಪನ ಎಷ್ಟು ವೇಗದ್ದೆಂದರೆ, ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಕ್ಯಾಮೆರಾ ಒಂದೆರಡು ಬಾರಿ ಅತ್ತಿತ್ತ ಹೋಗಿಬಂದಿರುತ್ತದೆ. ಹೀಗೆ ಅಲೆ ಅಲೆಯಾಗಿ ಸೊಟ್ಟಗಾದ ಫ್ರೇಮನ್ನು ಇಡಿಯಾಗಿ ಸರಿಸಿದರೆ ಸೊಟ್ಟು ಹೋಗುವುದಿಲ್ಲ. ವಾರ್ಪ್ ಸ್ಟೆಬಿಲೈಸರ್‌ನಲ್ಲಿ ರೋಲಿಂಗ್ ಶಟರ್ ರಿಪಲ್ ಎಂಬಲ್ಲಿ ಎನ್ಹಾನ್ಸ್ಡ್ ರಿಡಕ್ಷನ್ ಆರಿಸಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಇದಕ್ಕಿಂತ ಉತ್ತಮವಾದ ದಾರಿ ಗೈರೊಫ್ಲೋ ಎಂಬ ಉಚಿತ, ಮುಕ್ತ ತಂತ್ರಾಂಶ. ಅದು ಚಿತ್ರದಲ್ಲಿ ಬಿಂದುಗಳನ್ನು ಹುಡುಕುತ್ತಾ ಕೂರುವುದಿಲ್ಲ. ಕ್ಯಾಮೆರಾದೊಳಗಿನ ಗೈರೊಸ್ಕೋಪು ಎಷ್ಟು ತಿರುಗಿತೆಂದು ಬರೆದಿಟ್ಟ ದಾಖಲೆಯನ್ನು ಓದಿ, ಸಾಲು ಸಾಲಾಗಿ ತಿದ್ದುತ್ತದೆ. ಯಕ್ಷಗಾನದ ವೇಷವಾಗಲಿ ಜೋಗದ ನೀರಾಗಲಿ ಅದರ ದಾರಿ ತಪ್ಪಿಸಲಾರವು, ಏಕೆಂದರೆ ಅದು ಚಿತ್ರವನ್ನು ನೋಡಿ ಊಹಿಸುತ್ತಲೇ ಇಲ್ಲ. ಗೋಪ್ರೊ ಹೀರೊ 5 ಮತ್ತು ನಂತರದ ಅನೇಕ ಮಾದರಿಗಳು, ಸೋನಿ ಮತ್ತು ಇನ್‌ಸ್ಟಾ360 ಕಂಪನಿಗಳ ಹಲವು ಕ್ಯಾಮೆರಾಗಳು ಈ ದಾಖಲೆಯನ್ನು ವಿಡಿಯೊ ಫೈಲಿನೊಳಗೇ ಇರಿಸುತ್ತವೆ. ಒಂದೇ ಷರತ್ತು: ಚಿತ್ರೀಕರಿಸುವಾಗ ಕ್ಯಾಮೆರಾದ ಸ್ವಂತ ಸ್ಟೆಬಿಲೈಸೇಷನ್ ಅನ್ನು ಆಫ್ ಮಾಡಿರಬೇಕು, ಇಲ್ಲದಿದ್ದರೆ ಒಮ್ಮೆ ತಿದ್ದಿದ್ದನ್ನೇ ಮತ್ತೊಮ್ಮೆ ತಿದ್ದಿ ಕೆಡಿಸಿದಂತಾಗುತ್ತದೆ. ಎಲ್ಲಕ್ಕಿಂತ ಮೊದಲು ಹ್ಯಾಂಡಲ್ ಬಿಟ್ಟು ಎದೆಗೋ ಹೆಲ್ಮೆಟ್ಟಿಗೋ ಕ್ಯಾಮೆರಾ ಕಟ್ಟಿ ನೋಡಿ. ಇಂಜಿನ್ನಿನ ಕಂಪನವನ್ನು ಹೀರಿಕೊಳ್ಳುವುದರಲ್ಲಿ ಮನುಷ್ಯನ ದೇಹಕ್ಕೆ ಸಮನಾದ ರಬ್ಬರ್ ಬುಷ್ ಇಲ್ಲ.

ಪ್ರಶ್ನೆ: ರೀಲ್ಸ್‌ಗೆ ಬೇಕಾದ ನೀಳ ವಿಡಿಯೊ ತೆಗೆಯುವಾಗ ನಡುಕಕ್ಕೆಂದು ಅಂಚನ್ನು ಉಳಿಸಿಕೊಳ್ಳುವುದು ಹೇಗೆ?
(ಬೆಳಗಾವಿಯ ಓದುಗರು)

ಉತ್ತರ: ಫೋನನ್ನು ಅಡ್ಡ ಹಿಡಿದು 4ಕೆಯಲ್ಲಿ ತೆಗೆಯಿರಿ. 3840×2160ರ ಚಿತ್ರದಿಂದ 1080×1920ರ ನೀಳ ಚಿತ್ರ ಕತ್ತರಿಸಿಕೊಂಡರೆ ಎಡಬಲಕ್ಕೆ ಅಂಚು ಬೇಕಾದಷ್ಟು ಉಳಿಯುತ್ತದೆ, ಮೇಲೆ ಕೆಳಗೆ ಒಟ್ಟು 240 ಪಿಕ್ಸೆಲ್ ಸಿಗುತ್ತದೆ, ಮತ್ತು ಒಂದು ಪಿಕ್ಸೆಲ್ಲನ್ನೂ ಹಿಗ್ಗಿಸಬೇಕಾಗುವುದಿಲ್ಲ.

ಪ್ರಶ್ನೆ: ಕ್ಯಾಮೆರಾವನ್ನು ಮೋಟಾರುಗಳಿಂದ ಸಮವಾಗಿ ಹಿಡಿದಿಡುವ ಗಿಂಬಲ್ ಕೊಂಡರೆ ಈ ರಗಳೆಯೇ ಇರುವುದಿಲ್ಲವಲ್ಲ?
(ಬೆಂಗಳೂರಿನ ಓದುಗರು)

ಉತ್ತರ: ಅರ್ಧ ರಗಳೆ ಇರುವುದಿಲ್ಲ. ಮೂರು ಅಕ್ಷದ ಗಿಂಬಲ್ ಕ್ಯಾಮೆರಾ ತಿರುಗುವುದನ್ನು, ವಾಲುವುದನ್ನು ತಡೆಯುತ್ತದೆಯೇ ಹೊರತು ಹೆಜ್ಜೆಯಿಡುವಾಗ ಇಡೀ ದೇಹ ಮೇಲೆ ಕೆಳಗೆ ಹೋಗುವುದನ್ನು ತಡೆಯುವುದಿಲ್ಲ. ಮಂಡಿಯನ್ನು ಸ್ವಲ್ಪ ಬಗ್ಗಿಸಿ, ತುಂಬಿದ ಕೊಡ ಹೊತ್ತವರಂತೆ ನಡೆಯುವುದನ್ನು ಕಲಿಯಲೇಬೇಕು. 1975ರಲ್ಲಿ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮಿನಲ್ಲಿ ಸ್ಪ್ರಿಂಗ್ ಇರುವ ತೋಳೊಂದನ್ನು ಮೈಗೆ ಕಟ್ಟಿಕೊಳ್ಳುವ ಏರ್ಪಾಡು ಇದ್ದದ್ದು ಈ ಏರಿಳಿತವನ್ನು ನುಂಗುವುದಕ್ಕಾಗಿಯೇ. ಕೈಯಲ್ಲಿ ಹಿಡಿಯುವ ಪುಟ್ಟ ಗಿಂಬಲ್‌ಗಳಲ್ಲಿ ಆ ತೋಳು ಇಲ್ಲ.

ಪ್ರಶ್ನೆ: ತಂದೆತಾಯಿಯ ಮದುವೆಯ 1990ರ ದಶಕದ ವಿಎಚ್‌ಎಸ್ ಕ್ಯಾಸೆಟ್ ಅನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಸ್ಟೆಬಿಲೈಸ್ ಮಾಡಲು ಹೋದರೆ ಏನೂ ಬದಲಾವಣೆ ಇಲ್ಲ, ಇಲ್ಲವೇ ಮೂಲೆಯ ದಿನಾಂಕ ಕುಣಿಯುತ್ತದೆ. ಅಂಚುಗಳು ಗರಗಸದಂತೆ ಹಲ್ಲು ಹಲ್ಲಾಗಿವೆ.
(ಮುಂಬೈಯಲ್ಲಿರುವ ಕನ್ನಡಿಗ ಓದುಗರು)

ಉತ್ತರ: ಈ ಕಂತಿನ ಅತ್ಯಂತ ಸ್ವಾರಸ್ಯದ ಪ್ರಶ್ನೆ ಇದು, ಏಕೆಂದರೆ ನಿಮ್ಮ ಕ್ಯಾಸೆಟ್ಟಿನಲ್ಲಿ ಎರಡು ಬೇರೆ ಬೇರೆ ನಡುಕಗಳಿವೆ. ಒಂದು, ಅಂದಿನ ಕ್ಯಾಮೆರಾದವರ ಹೆಗಲಿನದು. ಇನ್ನೊಂದು, ಟೇಪು ಓಡುವಾಗಿನದು. ಟೇಪಿನ ವೇಗದಲ್ಲಿ ಆಗುವ ಸೂಕ್ಷ್ಮ ವ್ಯತ್ಯಾಸದಿಂದ ಒಂದೊಂದು ಸಾಲೂ ತುಸು ಎಡಕ್ಕೋ ಬಲಕ್ಕೋ ಜರುಗಿ, ಬಾಗಿಲ ಚೌಕಟ್ಟಿನಂಥ ನೇರ ಗೆರೆಗಳು ನೀರಿನಲ್ಲಿ ಕಂಡಂತೆ ಕಾಣುತ್ತವೆ. ಈ ಎರಡನೆಯದನ್ನು ಯಾವ ಸ್ಟೆಬಿಲೈಸರೂ ಸರಿಪಡಿಸುವುದಿಲ್ಲ. ಕ್ಯಾಸೆಟ್ಟಿನಿಂದ ಇಳಿಸುವಾಗಲೇ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣ ನಡುವೆ ಇರಬೇಕು. ಕೆಲವು ಒಳ್ಳೆಯ ವಿಸಿಆರ್‌ಗಳಲ್ಲಿ ಅದು ಒಳಗೇ ಇರುತ್ತದೆ. ಗೆರೆಗಳು ಬಹಳ ಅಲುಗುತ್ತಿದ್ದರೆ ಅಂಥ ಉಪಕರಣವಿರುವವರ ಬಳಿ ಮತ್ತೊಮ್ಮೆ ಇಳಿಸಿಕೊಳ್ಳುವುದೇ ದಾರಿ.

ಗರಗಸದ ಹಲ್ಲು ರೋಗವಲ್ಲ, ಆ ಕಾಲದ ಟಿವಿಯ ಪದ್ಧತಿ. ನಮ್ಮ ದೇಶದಲ್ಲಿದ್ದ ಪಾಲ್ ವ್ಯವಸ್ಥೆಯಲ್ಲಿ ಸೆಕೆಂಡಿಗೆ 25 ಫ್ರೇಮ್, ಆದರೆ ಒಂದೊಂದು ಫ್ರೇಮಿನಲ್ಲೂ ಎರಡು ಫೀಲ್ಡುಗಳು. ಬೆಸ ಸಾಲುಗಳು ಒಂದು ಗಳಿಗೆಯವು, ಸಮ ಸಾಲುಗಳು ಅದಾಗಿ 1/50 ಸೆಕೆಂಡಿನ ನಂತರದವು. ಕ್ಯಾಮೆರಾ ಅಲುಗಿದಾಗ ಇವೆರಡೂ ಒಂದರ ಮೇಲೊಂದು ಕೂರದೆ ಹಲ್ಲಾಗುತ್ತವೆ. ಆದ್ದರಿಂದ ಮೊದಲು ಡಿಇಂಟರ್‌ಲೇಸ್ ಮಾಡಿ ಪ್ರತಿ ಫೀಲ್ಡನ್ನೂ ಒಂದು ಫ್ರೇಮಾಗಿಸಿ, ಸೆಕೆಂಡಿಗೆ 50 ಫ್ರೇಮ್‌ಗಳ ಫೈಲು ತಯಾರಿಸಿಕೊಳ್ಳಿ. ಎಫ್‌ಎಫ್‌ಎಂಪೆಗ್‌ನಲ್ಲಿ ಬಿಡಬ್ಲ್ಯುಡಿಐಎಫ್ ಎಂಬ ಫಿಲ್ಟರ್ ಇದಕ್ಕೆ ಚೆನ್ನಾಗಿದೆ. ಹಲ್ಲುಗಳಿರುವ ಫ್ರೇಮನ್ನೇ ಸ್ಟೆಬಿಲೈಸರಿಗೆ ಕೊಟ್ಟು ಹಿಗ್ಗಿಸಿದರೆ ಹಲ್ಲುಗಳು ಚಿತ್ರದೊಳಗೆ ಕರಗಿಹೋಗಿ ಆಮೇಲೆ ಬೇರ್ಪಡಿಸಲು ಆಗುವುದೇ ಇಲ್ಲ.

ಮುಂದಿನದು ಅಂಚು. 720×576ರ ಈ ಚಿತ್ರದ ಎಡಬಲಕ್ಕೆ ಕಪ್ಪು ಪಟ್ಟಿ, ಕೆಳಗೆ ಕೆಲವು ಸಾಲುಗಳಷ್ಟು ಹರಿದ ಗೆರೆಗಳು ಇರುತ್ತವೆ. ಇವು ಚಿತ್ರ ಎಷ್ಟೇ ಅಲುಗಿದರೂ ಇದ್ದಲ್ಲೇ ಇರುತ್ತವೆ. ದಿನಾಂಕವೂ ಹಾಗೆಯೇ. ಅಲುಗದ ಇಷ್ಟೊಂದು ಸ್ಪಷ್ಟ ಬಿಂದುಗಳನ್ನು ಕಂಡ ತಂತ್ರಾಂಶ ಕ್ಯಾಮೆರಾ ಅಲುಗಿಯೇ ಇಲ್ಲ ಎಂದು ತೀರ್ಪು ಕೊಡುತ್ತದೆ. ನಿಮಗೆ ಬದಲಾವಣೆ ಕಾಣದಿದ್ದದ್ದು ಇದಕ್ಕೆ. ಅಂಚುಗಳನ್ನು ಮೊದಲೇ ಕತ್ತರಿಸಿ ಬೇರೆ ಫೈಲು ಮಾಡಿಕೊಂಡರೆ ಚಿತ್ರ ನಿಲ್ಲಲು ತೊಡಗುತ್ತದೆ, ಆಗ ಚಿತ್ರದ ಮೇಲೆ ಮುದ್ರಿತವಾದ ದಿನಾಂಕ ಕುಣಿಯಲು ತೊಡಗುತ್ತದೆ. ದಿನಾಂಕವಿರುವ ಮೂಲೆಯನ್ನು ಕತ್ತರಿಸುವುದು ಒಂದು ಉಪಾಯ. ನನ್ನನ್ನು ಕೇಳಿದರೆ, ದಿನಾಂಕವಿರುವ ದೃಶ್ಯಗಳನ್ನು ಮುಟ್ಟದೆ ಬಿಡುತ್ತೇನೆ. ಧಾರೆಯ ಮುಹೂರ್ತದ ಗಂಟೆ ನಿಮಿಷ ಅಲ್ಲಿ ಬರೆದಿದೆಯಲ್ಲ!

ಆ ಕಾಲದ ಮದುವೆ ಕ್ಯಾಸೆಟ್ಟುಗಳಲ್ಲಿ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಹೃದಯದಾಕಾರ, ಹೂವಿನಾಕಾರಗಳು ಅರಳಿಕೊಂಡು ಬರುತ್ತಿದ್ದವು. ಅಂಥ ಕಡೆಗಳಲ್ಲಿ ಎರಡು ಚಿತ್ರಗಳು ಒಟ್ಟಿಗಿರುವುದರಿಂದ ಸ್ಟೆಬಿಲೈಸರ್ ತಬ್ಬಿಬ್ಬಾಗುತ್ತದೆ. ಹೂವು ಅರಳುವುದಕ್ಕೆ ಮೊದಲೊಂದು, ಅರಳಿ ಮುಗಿದ ಮೇಲೊಂದು ಕತ್ತರಿ ಹಾಕಿ, ನಡುವಿನ ತುಣುಕನ್ನು ಎಫೆಕ್ಟ್ ಇಲ್ಲದೆ ಹಾಗೆಯೇ ಇರಿಸಿ. ಉಳಿದ ದೃಶ್ಯಗಳಿಗೆ ಹಗುರವಾದ ಸ್ಮೂದಿಂಗ್ ಸಾಕು. 576 ಸಾಲುಗಳ ಚಿತ್ರದಲ್ಲಿ ಹಿಗ್ಗಿಸಿ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ. ಈ ಎಲ್ಲ ಹಂತಗಳಲ್ಲೂ ಹೊಸ ಹೊಸ ಫೈಲುಗಳನ್ನು ಮಾಡಿಕೊಳ್ಳುತ್ತಾ ಹೋಗಿ, ಮೊದಲು ಇಳಿಸಿದ ಫೈಲನ್ನು ಬೇರೊಂದು ಹಾರ್ಡ್ ಡಿಸ್ಕಿನಲ್ಲೂ ಒಂದು ಪ್ರತಿ ಇರಿಸಿ, ಕ್ಯಾಸೆಟ್ಟನ್ನು ನಿಲ್ಲಿಸಿದ ಭಂಗಿಯಲ್ಲಿ ತೇವವಿಲ್ಲದ ಕಡೆ ಎತ್ತಿಡಿ.